ಕೈಯಲ್ಲಿ ಕಡೆದ ಇಂಕ್ ಪೆನ್ನಿಗೆ ಯಾವ ನಿಬ್ಬು ಹಾಕಿಸಬೇಕು? ಕನ್ನಡ ಬರೆಯುವವರಿಗಾಗಿ ಒಂದು ಹೋಲಿಕೆ

"ಸ್ವಾತಂತ್ರ್ಯ" ಅಂತ ಒಂದು ಪದ ಬರೆದು ನೋಡಿ. ನಿಮ್ಮ ಮಾಮೂಲಿ ಕೈಬರಹ, ಮಾಮೂಲಿ ವೇಗ, ಗೆರೆ ಹಾಕಿದ ಮಾಮೂಲಿ ನೋಟ್‌ಬುಕ್ಕು. ಕೊನೆಯ ಅಕ್ಷರದಲ್ಲಿ ತಕಾರಕ್ಕೆ ರಕಾರದ ಒತ್ತು, ಅದರ ಪಕ್ಕದಲ್ಲೇ ಯಕಾರದ ಒತ್ತು. ಎರಡೂ ಒತ್ತು ಬಿಡಿಬಿಡಿಯಾಗಿ ಕಂಡರೆ ನಿಮ್ಮ ನಿಬ್ಬು ನಿಮ್ಮ ಕೈಗೆ ಸರಿಯಾಗಿದೆ. ಎರಡೂ ಸೇರಿ ಒಂದು ಮಸಿ ಚುಕ್ಕೆಯಾಗಿದ್ದರೆ ಅದು ನಿಮಗೆ ದಪ್ಪ. ಎಷ್ಟು ದುಡ್ಡು ಕೊಟ್ಟು ತಂದಿದ್ದರೂ ದಪ್ಪವೇ.

ನಾನು ತುಮಕೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಪಾಠದ ಟಿಪ್ಪಣಿ, ದಿನಚರಿ, ಮನೆ ಲೆಕ್ಕ, ಉತ್ತರಪತ್ರಿಕೆ ತಿದ್ದುವುದು ಎಲ್ಲವೂ ಇಂಕ್ ಪೆನ್ನಿನಲ್ಲೇ. ನಮ್ಮ ಸ್ಟಾಫ್ ರೂಮಿನಲ್ಲಿ ಎಬೊನೈಟ್ ಪೆನ್ನು ತರಿಸಿಕೊಂಡವರು ಈಗ ಮೂರು ಜನ ಇದ್ದಾರೆ. ಪೆನ್ನು ಬಂದು ಎರಡು ತಿಂಗಳಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಾರ್, ಸ್ಟೀಲ್ ನಿಬ್ಬೇ ಸಾಕಾ, ಚಿನ್ನದ್ದು ಹಾಕಿಸ್ಬೇಕಾ?" ಇದಕ್ಕೆ ಉತ್ತರ ಹುಡುಕಿದರೆ ಸಿಗುವ ಬರಹಗಳೆಲ್ಲ ಇಂಗ್ಲಿಷ್ ಅಕ್ಷರ ಬರೆಯುವ ಕೈಗಳಿಗೆ ಹೇಳಿದಂಥವು. ನಮ್ಮ ಅಕ್ಷರದ ದಾರಿಯೇ ಬೇರೆ, ಅಲ್ವಾ? ಒಂದೇ ಸಾಲಿನಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರದ ಹೊಟ್ಟೆ, ಕೆಳಗೆ ಒತ್ತು. ಮೂರು ಅಂತಸ್ತಿನ ಮನೆ ಇದ್ದ ಹಾಗೆ. ಜೊತೆಗೆ ಎಲ್ಲವೂ ಗುಂಡಗೆ. ಪೆನ್ನು ಕೆಳಕ್ಕೆ ಎಳೆದಷ್ಟೇ ಸಲ ಮೇಲಕ್ಕೂ ತಳ್ಳಬೇಕು, ಬಲಕ್ಕೆ ಹೋದಷ್ಟೇ ಸಲ ಎಡಕ್ಕೂ ತಿರುಗಬೇಕು. ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಕನ್ನಡ ಬರೆಯುವವರ ಲೆಕ್ಕದಲ್ಲಿ.

ಕೈಯಲ್ಲಿ ಕಡೆದ ಪೆನ್ನು ಅಂದರೆ ಎಬೊನೈಟ್ ಅಥವಾ ಅಕ್ರಿಲಿಕ್ ಕಡ್ಡಿಯನ್ನು ಲೇತಿನ ಮೇಲೆ ಒಂದೊಂದಾಗಿ ಕಡೆದು ಮಾಡಿದ್ದು. ಎಬೊನೈಟ್ ಅಂದರೆ ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ಪದಾರ್ಥ. ದಕ್ಷಿಣ ಭಾರತದಲ್ಲಿ ಇದಕ್ಕೆ ದೊಡ್ಡ ಪರಂಪರೆ ಇದೆ. ರಾಜಮಂಡ್ರಿಯ ರತ್ನಂ ಪೆನ್ನು ಗಾಂಧೀಜಿಯವರ ಸ್ವದೇಶಿ ಕರೆಗೆ ಓಗೊಟ್ಟು 1930ರ ದಶಕದಲ್ಲಿ ತಯಾರಾದದ್ದು. ಹೈದರಾಬಾದಿನ ಡೆಕ್ಕನ್, ಚೆನ್ನೈನ ಗಾಮಾ, ತಿರುವಳ್ಳೂರಿನ ರಂಗಾ ಎಲ್ಲರೂ ಇದೇ ಸಾಲಿನವರು. ಇವರ ಕಡೆತದ ಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಕಡಿಮೆ ಬೆಲೆಯ ಪೆನ್ನುಗಳಲ್ಲಿ ಬರುವ ನಿಬ್ಬು ಸಾಮಾನ್ಯವಾಗಿ ಸಾದಾ ಸ್ಟೀಲಿನದು, ಒಂದು ಚೆನ್ನಾಗಿದ್ದರೆ ಇನ್ನೊಂದು ಕಾಗದ ಕೆರೆಯುತ್ತದೆ. ಬಾಡಿ ಚಿನ್ನದಂಥದ್ದು, ನಿಬ್ಬು ಮಾತ್ರ ಯಾಕೋ ಸರಿಯಿಲ್ಲ ಅನ್ನುವ ಕೊರಗು ಇಲ್ಲಿಂದಲೇ ಶುರು.

ದುಡ್ಡು ತೆಗೆಯುವ ಮೊದಲು ಒಂದು ಕೆಲಸ ಮಾಡಿ. ಈಗಿರುವ ನಿಬ್ಬನ್ನು ತೊಳೆಯಿರಿ. ನಮ್ಮೂರಿನಲ್ಲಿ ಹಿಂದೆ ಪೆನ್ನು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಹತ್ತಿರ ನನ್ನ ಮೊದಲ ಎಬೊನೈಟ್ ಪೆನ್ನು ತೆಗೆದುಕೊಂಡು ಹೋಗಿದ್ದೆ. ಬರೆಯುವಾಗ ಬಿಟ್ಟು ಬಿಟ್ಟು ಬೀಳುತ್ತಿತ್ತು.

"ಯಜಮಾನ್ರೇ, ಇದಕ್ಕೊಂದು ಒಳ್ಳೇ ನಿಬ್ಬು ಹಾಕ್ಕೊಡಿ."

ಅವರು ನಿಬ್ಬು ಎಳೆದು ಬೆಳಕಿಗೆ ಹಿಡಿದರು. "ಮೇಷ್ಟ್ರೇ, ಹೊಸದು ಆಮೇಲೆ ತಗೊಳ್ಳೋರಂತೆ. ಇದ್ರಲ್ಲಿ ಎಣ್ಣೆ ಜಿಡ್ಡು ಹಾಗೇ ಐತೆ ನೋಡಿ."

ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ನೀರಿಗೆ ಹಾಕಿ, ನಿಬ್ಬನ್ನೂ ಅದರ ಕೆಳಗಿನ ಕಪ್ಪು ಕಡ್ಡಿಯನ್ನೂ, ಅಂದರೆ ಫೀಡನ್ನೂ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿ, ಆಮೇಲೆ ಭೂತಗನ್ನಡಿಯಲ್ಲಿ ತುದಿ ನೋಡಿದರು. ಸೀಳಿನ ಎರಡೂ ಕಡೆಯ ಎಸಳುಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲಿತ್ತು. ಉಗುರಿನಿಂದ ಒತ್ತಿ ಸಮ ಮಾಡಿದರು. ಅಷ್ಟೇ. ಆ ನಿಬ್ಬಿನಲ್ಲಿ ನಾನು ಆರು ವರ್ಷ ಬರೆದೆ. ಕಾಗದ ಕೆರೆಯುವ ನಿಬ್ಬುಗಳಲ್ಲಿ ತುಂಬಾ ಇಂಥವೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಲೂಪ್, ವಾಚ್ ರಿಪೇರಿಯವರ ಹತ್ತಿರ ಇರುವಂಥದ್ದು, ಒಂದಿದ್ದರೆ ಅರ್ಧ ಸಮಸ್ಯೆ ಮನೆಯಲ್ಲೇ ಬಗೆಹರಿಯುತ್ತದೆ.

ಇಷ್ಟಾದ ಮೇಲೂ ಹೊಸ ನಿಬ್ಬು ಬೇಕು ಅನ್ನಿಸಿದರೆ ಮೊದಲು ಅಳತೆ ನೋಡಿ. ಲೋಹ, ಬಣ್ಣ, ಹೆಸರು ಎಲ್ಲ ಆಮೇಲೆ.

ನಮ್ಮ ಕಡೆಯ ಪೆನ್ನುಗಳಲ್ಲಿ ನಿಬ್ಬು ಕೂರುವ ರೀತಿ ಎರಡು ಥರ. ಹಳೆಯ ಪದ್ಧತಿಯಲ್ಲಿ ನಿಬ್ಬು ಮತ್ತು ಫೀಡನ್ನು ಒಂದರ ಮೇಲೊಂದು ಇಟ್ಟು ಹಿಡಿಯುವ ಭಾಗದ ತೂತಿಗೆ ಒತ್ತಿ ಕೂರಿಸುತ್ತಾರೆ. ಹೊಸ ಪದ್ಧತಿಯಲ್ಲಿ ನಿಬ್ಬು, ಫೀಡ್, ಅವನ್ನು ಹಿಡಿದಿರುವ ಸಣ್ಣ ಕೊಳವೆ ಮೂರೂ ಸೇರಿ ಒಂದು ಯೂನಿಟ್ ಆಗಿರುತ್ತದೆ, ಅದನ್ನು ಬಲ್ಬಿನ ಹಾಗೆ ತಿರುಗಿಸಿ ಹಾಕುತ್ತಾರೆ. ತಿರುಗಿಸುವ ಥರದ್ದಾದರೆ ಬದಲಾಯಿಸುವುದು ಒಂದು ನಿಮಿಷದ ಕೆಲಸ. ಆದರೆ ಒಂದು ಎಚ್ಚರ ಇರಲಿ. ಜೋವೋ, ಬಾಕ್, ಶ್ಮಿಟ್ ಮೂರೂ ಜರ್ಮನಿಯ ನಿಬ್ಬು ಕಂಪನಿಗಳೇ, ನಿಬ್ಬಿನ ಗಾತ್ರದ ನಂಬರು ಮೂರಕ್ಕೂ 6 ಅಂತಲೇ ಇದ್ದರೂ ಮರೆಯ, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೀರಿನ, ಅಳತೆ ಒಂದೇ ಅಲ್ಲ. ಜೋವೋಗೆ ಕೊರೆದ ಪೆನ್ನಿಗೆ ಬಾಕ್ ಯೂನಿಟ್ ಹಾಕಲು ಹೋದರೆ ಒಂದೆರಡು ಸುತ್ತು ತಿರುಗಿ ನಿಂತುಬಿಡುತ್ತದೆ. ಬಲವಂತ ಮಾಡಿದರೆ ಎಬೊನೈಟಿನ ಮರೆ ಸವೆದು ಪೆನ್ನೇ ಹಾಳು. ಪೆನ್ನು ಮಾಡಿದವರನ್ನೇ ಕೇಳಿ, "ಇದು ಯಾವ ಯೂನಿಟ್ಟಿಗೆ ಕೊರೆದದ್ದು?" ಅಂತ. ಅವರು ಹೇಳುತ್ತಾರೆ.

ಒತ್ತಿ ಕೂರಿಸುವ ಥರದ್ದಾದರೆ ನಿಬ್ಬಿನ ಉದ್ದ ಮತ್ತು ಅಗಲ ಎರಡೂ ನೋಡಬೇಕು. ನಮ್ಮಲ್ಲಿ 35 ಮಿಲಿಮೀಟರ್ ನಿಬ್ಬು ಅಂತ ಕರೆಯುವುದು ಹೆಚ್ಚು ಕಡಿಮೆ ಜರ್ಮನಿಯ 6ನೇ ನಂಬರಿನ ಜಾತಿಯದ್ದು. 40 ಮಿಲಿಮೀಟರಿನದು ಇನ್ನೂ ದೊಡ್ಡ ಪೆನ್ನುಗಳಿಗೆ. ಆದರೆ ಉದ್ದ ಸರಿಹೋದ ಮಾತ್ರಕ್ಕೆ ಮುಗಿಯಲಿಲ್ಲ. ನಿಬ್ಬಿನ ಬೆನ್ನಿನ ಬಾಗು ಫೀಡಿನ ಬಾಗಿಗೆ ಹೊಂದಬೇಕು. ನಡುವೆ ಸಂದು ಉಳಿದರೆ ಇಂಕು ಸರಿಯಾಗಿ ಇಳಿಯುವುದಿಲ್ಲ.

ಎಬೊನೈಟ್ ಫೀಡ್ ಆದರೆ ಇದಕ್ಕೆ ಮದ್ದಿದೆ. ನಿಬ್ಬು ಫೀಡ್ ಎರಡನ್ನೂ ಕೂರಿಸಿ, ಅಷ್ಟು ತುದಿಯನ್ನು ಮಾತ್ರ ಕುದಿ ಇಳಿದ ಬಿಸಿನೀರಿನಲ್ಲಿ ಅರ್ಧ ನಿಮಿಷ ಹಿಡಿದು, ಹೊರಗೆ ತೆಗೆದ ಕೂಡಲೇ ಬಟ್ಟೆ ಸುತ್ತಿದ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿಡಿದುಕೊಂಡರೆ ಫೀಡು ನಿಬ್ಬಿನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಪ್ಲಾಸ್ಟಿಕ್ ಫೀಡಿಗೆ ಈ ಪ್ರಯೋಗ ಬೇಡ. ಇನ್ನೊಂದು ವಿಷಯ, ಎಬೊನೈಟ್ ಬಾಡಿ ಬಿಸಿನೀರಿಗೆ ಬಿದ್ದರೆ ಹೊಳಪು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ನನ್ನದೊಂದು ಒಳ್ಳೆಯ ಕಪ್ಪು ಪೆನ್ನಿನ ಮೂತಿ ಹೀಗೇ ಬಣ್ಣಗೆಟ್ಟಿತು. ನೋಡಿದಾಗೆಲ್ಲ ಬೇಜಾರಾಗುತ್ತದೆ.

ಕ್ಯಾಪ್ ಒಳಗೆ ಜಾಗ ಇದೆಯೇ ಅಂತಲೂ ನೋಡಿ. ಹೊಸ ನಿಬ್ಬು ಒಂದು ಮಿಲಿಮೀಟರ್ ಉದ್ದ ಇದ್ದರೂ ಕ್ಯಾಪಿನ ತಳಕ್ಕೆ ತುದಿ ಬಡಿದು ಬಾಗುತ್ತದೆ. ಕಿವಿ ಹತ್ತಿಕಡ್ಡಿ ಇಳಿಬಿಟ್ಟು ಕ್ಯಾಪಿನ ಆಳ ಗುರುತು ಮಾಡಿಕೊಳ್ಳಿ, ಆ ಕಡ್ಡಿಯನ್ನೇ ನಿಬ್ಬಿನ ಪಕ್ಕ ಹಿಡಿದು ಹೋಲಿಸಿ. ಇದನ್ನು ಮರೆಯುವವರೇ ಜಾಸ್ತಿ.

ಈಗ ಯಾರ ನಿಬ್ಬು ಅನ್ನುವ ಮಾತು. ಕಾನ್ಪುರದ ಕಾನ್‌ರೈಟ್ ನಮ್ಮ ದೇಶದ್ದೇ. ಬೆಲೆ ಕಡಿಮೆ, ಅಳತೆ ನಮ್ಮ ಪೆನ್ನುಗಳಿಗೆ ಹೊಂದುತ್ತದೆ, ತೀರಾ ಸಣ್ಣ ಗೆರೆಯ ಎಕ್ಸ್‌ಟ್ರಾ ಫೈನಿನಿಂದ ಒತ್ತಿದರೆ ದಪ್ಪ ಬರೆಯುವ ಫ್ಲೆಕ್ಸ್ ತನಕ ಬಗೆ ಬಗೆ ಸಿಗುತ್ತದೆ. ನಾನು ಕೊಂಡವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಇತ್ತು, ಆದರೆ ಎಸಳು ಸಮ ಮಾಡಿಕೊಂಡ ಮೇಲೆ ಎಲ್ಲವೂ ಚೆನ್ನಾಗಿ ಬರೆದವು. ಬರ್ಲಿನ್ನಿನ ಜೋವೋ ನನ್ನ ಅನುಭವದಲ್ಲಿ ಡಬ್ಬಿಯಿಂದ ತೆಗೆದ ಹಾಗೇ ಬರೆಯುವ ನಿಬ್ಬು. ಸ್ವಲ್ಪ ಗಟ್ಟಿ, ಹೇಳಿದ ಮಾತು ಕೇಳುತ್ತದೆ. ಹೈಡೆಲ್‌ಬರ್ಗಿನ ಬಾಕ್ ಇಂಕು ಸ್ವಲ್ಪ ಧಾರಾಳವಾಗಿ ಬಿಡುತ್ತದೆ, ಕೈಗೆ ಮೆದು ಅನ್ನಿಸುತ್ತದೆ, ಮತ್ತೆ ಟೈಟೇನಿಯಂ ಬೇಕೆಂದರೆ ಅಲ್ಲಿಗೇ ಹೋಗಬೇಕು. ಶ್ಮಿಟ್ ಯೂನಿಟ್ಟುಗಳು ಕನ್ವರ್ಟರ್, ಅಂದರೆ ಇಂಕು ಹೀರಿ ತುಂಬಿಕೊಳ್ಳುವ ಸಣ್ಣ ಕೊಳವೆ, ಜೊತೆ ಬರುವ ನಮ್ಮ ಪೆನ್ನುಗಳಲ್ಲಿ ಸಾಮಾನ್ಯ. ಅದರ ಬಗ್ಗೆ ದೂರು ಹೇಳುವಂಥದ್ದು ಏನೂ ಇಲ್ಲ. ಮೊದಲ ಸಲ ಬದಲಾಯಿಸುವವರಿಗೆ ನಾನು ಹೇಳುವುದು ಜೋವೋ ಸ್ಟೀಲ್. ಸ್ವಂತ ಕೈಯಿಂದ ಸರಿ ಮಾಡಿಕೊಳ್ಳುವ ಆಸೆ ಇದ್ದರೆ ಕಾನ್‌ರೈಟ್ ಎರಡು ತೆಗೆದುಕೊಳ್ಳಿ, ಒಂದರಲ್ಲಿ ಕಲಿಯಿರಿ, ಇನ್ನೊಂದರಲ್ಲಿ ಬರೆಯಿರಿ.

ಇನ್ನು ಸ್ಟೀಲಾ ಚಿನ್ನವಾ ಅನ್ನುವ ದೊಡ್ಡ ಪ್ರಶ್ನೆ. ಒಂದು ವಿಷಯ ಮನಸ್ಸಿನಲ್ಲಿಡಿ: ಕಾಗದಕ್ಕೆ ಚಿನ್ನ ತಾಗುವುದೇ ಇಲ್ಲ. ಚಿನ್ನದ ನಿಬ್ಬಿರಲಿ, ಒಳ್ಳೆಯ ಸ್ಟೀಲ್ ನಿಬ್ಬಿರಲಿ, ತುದಿಯಲ್ಲಿ ಗಟ್ಟಿ ಮಿಶ್ರಲೋಹದ ಒಂದು ಪುಟ್ಟ ಗುಂಡು ಬೆಸೆದಿರುತ್ತಾರೆ. ನಾವು ರೂಢಿಯಲ್ಲಿ ಇರಿಡಿಯಂ ಅನ್ನುತ್ತೇವೆ, ಈಗಿನದರಲ್ಲಿ ಬೇರೆ ಗಟ್ಟಿ ಲೋಹಗಳೇ ಹೆಚ್ಚು. ಬರೆಯುವಾಗ ನುಣುಪು ಅನ್ನಿಸುವುದು, ಕೆರೆಯುತ್ತದೆ ಅನ್ನಿಸುವುದು ಆ ಗುಂಡನ್ನು ಹೇಗೆ ಉಜ್ಜಿದ್ದಾರೆ ಅನ್ನುವುದರ ಮೇಲೆ. ಕೆಟ್ಟದಾಗಿ ಉಜ್ಜಿದ ಚಿನ್ನದ ನಿಬ್ಬು ಕಾಗದ ಕೆರೆದೇ ಕೆರೆಯುತ್ತದೆ. ನನಗೇ ಆಗಿದೆ. ಒಂದು ಕಡೆಯಿಂದ 14 ಕ್ಯಾರೆಟ್ ನಿಬ್ಬು ತರಿಸಿಕೊಂಡು, ಎರಡು ತಿಂಗಳ ಟ್ಯೂಷನ್ ದುಡ್ಡು ಅದಕ್ಕೇ ಹೋಗಿ, ಬಂದದ್ದು ಪ್ರತಿ ಸಾಲಿನ ಮೊದಲ ಗೆರೆ ಬಿಟ್ಟು ಬರೆಯುವ ನಿಬ್ಬು. ತುದಿಯನ್ನು ಅತಿಯಾಗಿ ಉಜ್ಜಿ ಸೀಳಿನ ಒಳ ಅಂಚು ಗುಂಡಗಾಗಿಬಿಟ್ಟಿತ್ತು, ಹಾಗಾಗಿ ಇಂಕು ಕಾಗದಕ್ಕೆ ಮುಟ್ಟುತ್ತಲೇ ಇರಲಿಲ್ಲ. ವಾಪಸು ತೆಗೆದುಕೊಳ್ಳಲಿಲ್ಲ. ಬಹಳ ನೋವಾಯಿತು. ಆದ್ದರಿಂದ ನಿಬ್ಬು ಕಳಿಸುವ ಮೊದಲು ಬರೆದು ನೋಡಿ ಸರಿ ಮಾಡಿ ಕೊಡುವವರ ಹತ್ತಿರವೇ ಕೊಳ್ಳಿ, ಬದಲಾಯಿಸಿ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ನನ್ನ ಲೆಕ್ಕದಲ್ಲಿ ಲೋಹಕ್ಕಿಂತ ಇದೇ ದೊಡ್ಡದು.

ಹಾಗಾದರೆ ಚಿನ್ನ ಯಾಕೆ? ಹಿಂದಿನ ಕಾಲದ ಇಂಕುಗಳಲ್ಲಿ ಆಮ್ಲ ಇರುತ್ತಿತ್ತು, ಸಾದಾ ಸ್ಟೀಲನ್ನು ತಿಂದುಹಾಕುತ್ತಿತ್ತು. ಚಿನ್ನಕ್ಕೆ ಏನೂ ಆಗುತ್ತಿರಲಿಲ್ಲ. ಈಗಿನ ಸ್ಟೇನ್‌ಲೆಸ್ ಸ್ಟೀಲೂ, ಈಗಿನ ಸಾದಾ ಇಂಕೂ ಸೇರಿದರೆ ಆ ಭಯ ಹೆಚ್ಚು ಕಡಿಮೆ ಇಲ್ಲ. ಉಳಿದದ್ದು ಕೈಗೆ ಸಿಗುವ ಹಿತ. 14 ಕ್ಯಾರೆಟ್ ಅಂದರೆ ನೂರಕ್ಕೆ 58.5 ಭಾಗ ಚಿನ್ನ, 18 ಕ್ಯಾರೆಟ್ ಅಂದರೆ 75 ಭಾಗ. ಕ್ಯಾರೆಟ್ ಜಾಸ್ತಿ ಆದಷ್ಟೂ ಬರಹ ಚೆಂದ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಒತ್ತಿದಾಗ ಸ್ವಲ್ಪ ಬಾಗಿ ಮತ್ತೆ ಮೇಲೇಳುವ ಗುಣ 14ರಲ್ಲೇ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದೂ ಲೋಹಕ್ಕಿಂತ ನಿಬ್ಬಿನ ದಪ್ಪ, ಭುಜದ (ತುದಿಯ ಹಿಂದಿನ ಅಗಲ ಭಾಗದ) ಆಕಾರದ ಮೇಲೆ ನಿಂತಿದೆ. ಬೆರಳಿಗೆ ಭಾರ ಹಾಕದೆ ಹಗುರವಾಗಿ ಬರೆಯುವವರಿಗೆ, ಒಂದೇ ಸಲ ಕೂತು ಹತ್ತು ಪುಟ ಬರೆಯುವವರಿಗೆ ಈ ಸಣ್ಣ ಮೆದುತನ ನಿಜವಾಗಿಯೂ ಗೊತ್ತಾಗುತ್ತದೆ. ಬಾಲ್ ಪೆನ್ನಿನ ಅಭ್ಯಾಸದಿಂದ ಒತ್ತಿ ಬರೆಯುವವರಿಗೆ ಗೊತ್ತಾಗುವುದಿಲ್ಲ, ಮೇಲಾಗಿ ನಿಬ್ಬು ಬಾಗಿ ಕೆಡುತ್ತದೆ. ಒಂದು ಚಿನ್ನದ ನಿಬ್ಬಿನ ದುಡ್ಡಿನಲ್ಲಿ ಜರ್ಮನಿಯ ಸ್ಟೀಲ್ ನಿಬ್ಬು ಹತ್ತು ಬರುತ್ತವೆ. ಅಷ್ಟು ಅಂತರಕ್ಕೆ ತಕ್ಕ ಅಂತರ ಬರಹದಲ್ಲಿ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅಪ್ಪನ ನೆನಪಿಗೆ, ನಿವೃತ್ತಿಯ ಉಡುಗೊರೆಗೆ, ಮಗಳಿಗೆ ಕೊಡಲು ಅಂತ ಹಾಕಿಸುವುದಾದರೆ ಆ ಮಾತೇ ಬೇರೆ. ಖಂಡಿತ ಹಾಕಿಸಿ. ಒಳ್ಳೆಯದಾಗಿ ಹೊಂದಿಸಿದ ಚಿನ್ನದ ನಿಬ್ಬು ನೂರು ವರ್ಷವಾದರೂ ತುಕ್ಕು ಹಿಡಿಯುವುದಿಲ್ಲ.

ಟೈಟೇನಿಯಂ ಇವೆರಡರ ನಡುವಿನ ಬೆಲೆಯದು. ಬರೆಯುವಾಗ ಪೆನ್ಸಿಲಿನಂಥ ಸಣ್ಣ ಸದ್ದು, ಕಾಗದ ಕೈಗೆ ತಿಳಿಯುತ್ತದೆ. ಕೆಲವರಿಗೆ ಅದೇ ಇಷ್ಟ. ಬಹಳ ಮೆದು. ಆದರೆ ಒಂದು ಮಟ್ಟ ಮೀರಿ ಒತ್ತಿದರೆ ಎಸಳು ಅಗಲವಾಗಿ ಹಾಗೇ ಉಳಿದುಬಿಡುತ್ತದೆ, ಸ್ಟೀಲಿನ ಹಾಗೆ ವಾಪಸು ಬರುವುದಿಲ್ಲ. ನನ್ನ ತಂಗಿಯ ಮಗ ರಜಕ್ಕೆ ಬಂದವನು "ಮಾವ, ಇದ್ರಲ್ಲಿ ಬರೀಲಾ?" ಅಂತ ಕೇಳಿ ತೆಗೆದುಕೊಂಡು ಒಂದು ಸಹಿ ಹಾಕಿದ. ಅಷ್ಟಕ್ಕೇ ಸೀಳು ಬಿಟ್ಟುಕೊಂಡಿತು. ಹುಡುಗನದು ತಪ್ಪಿಲ್ಲ, ಪೆನ್ನು ನಾಲ್ಕು ಕೈಗೆ ಹೋಗುವ ಮನೆಯಲ್ಲಿ ಟೈಟೇನಿಯಂ ಇಡಬಾರದು. ಶಾಲೆಯ ಟೇಬಲ್ಲಿನ ಮೇಲಂತೂ ಬೇಡವೇ ಬೇಡ.

ಇಷ್ಟು ಹೇಳಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದಕ್ಕೆ ಬರುತ್ತೇನೆ. ತುದಿಯ ಅಗಲ ಮತ್ತು ಆಕಾರ.

ಜರ್ಮನಿಯ ಫೈನ್ ನಿಬ್ಬು ಸುಮಾರು ಅರ್ಧ ಮಿಲಿಮೀಟರ್ ಗೆರೆ ಎಳೆಯುತ್ತದೆ. ಎಕ್ಸ್‌ಟ್ರಾ ಫೈನ್ ಅದಕ್ಕಿಂತ ಸ್ವಲ್ಪ ಸಣ್ಣ, ಮೀಡಿಯಂ ಸ್ವಲ್ಪ ದಪ್ಪ. ಜಪಾನಿನ ಪೆನ್ನು ಬಳಸಿ ರೂಢಿ ಇರುವವರು ಒಂದು ಮೆಟ್ಟಿಲು ಇಳಿಸಿ ಲೆಕ್ಕ ಹಾಕಿ, ಅಲ್ಲಿಯ ಮೀಡಿಯಂ ಹೆಚ್ಚು ಕಡಿಮೆ ಜರ್ಮನಿಯ ಫೈನ್. ಕನ್ನಡದಲ್ಲಿ ಗೆರೆ ದಪ್ಪವಾದರೆ ಮೊದಲು ಹಾಳಾಗುವುದು ಅಕ್ಷರದ ಹೊಟ್ಟೆಯೊಳಗಿನ ಗುರುತುಗಳು. ಥಕಾರದ ಹೊಟ್ಟೆಯ ಚುಕ್ಕೆ ಮುಚ್ಚಿಹೋದರೆ ಅದು ಥಾನೋ ಧಾನೋ ತಿಳಿಯುವುದಿಲ್ಲ. ಷಕಾರದೊಳಗಿನ ಗೀರು ತುಂಬಿಕೊಂಡರೆ ಪಕಾರ ಆಗುತ್ತದೆ. ಧಕಾರ, ಭಕಾರದ ಕೆಳಗಿನ ಸೀಳು ಮಾಯವಾದರೆ ಮಹಾಪ್ರಾಣ ಹೋಗಿ ಅಲ್ಪಪ್ರಾಣ ಉಳಿಯುತ್ತದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಇದನ್ನು ದಿನಾ ನೋಡುತ್ತೇನೆ, ಮಗುವಿಗೆ ಕಾಗುಣಿತ ಗೊತ್ತಿರುತ್ತದೆ, ದಪ್ಪ ಪೆನ್ನು ಅದನ್ನು ತಪ್ಪು ಮಾಡಿಸಿರುತ್ತದೆ. ಆಮೇಲೆ ಒತ್ತಕ್ಷರ. "ರಾಷ್ಟ್ರ", "ಕೃಷ್ಣ", "ವೈಶಿಷ್ಟ್ಯ" ಬರೆದು ನೋಡಿ. ಒತ್ತು ಯಾವಾಗಲೂ ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ. ಹಾಗಾಗಿ ಅಕ್ಷರ ಚೆನ್ನಾಗಿ ಕಂಡರೂ ಒತ್ತು ಉಂಡೆ ಕಟ್ಟುತ್ತದೆ. ನೀವು ನಿಬ್ಬು ಆರಿಸಬೇಕಾದದ್ದು ಒತ್ತಿನ ಅಳತೆಗೆ.

ನನ್ನ ಸಲಹೆ ಇಷ್ಟು. ಅಕ್ಷರ ಚಿಕ್ಕದಾಗಿ ಬರೆಯುವವರು ಎಕ್ಸ್‌ಟ್ರಾ ಫೈನ್. ಮಧ್ಯಮ ಗಾತ್ರದವರು ಫೈನ್, ಇದರಲ್ಲಿ ನೂರಕ್ಕೆ ಎಂಬತ್ತು ಜನ ಬರುತ್ತಾರೆ ಅನ್ನುವುದು ನನ್ನ ಅಂದಾಜು. ಒಂದು ಸಾಲು ಬಿಟ್ಟು ಒಂದು ಸಾಲು ದೊಡ್ಡದಾಗಿ ಬರೆಯುವವರಿಗೆ ಮಾತ್ರ ಮೀಡಿಯಂ. ಬ್ರಾಡ್ ನಿಬ್ಬು ಸಹಿಗೆ, ಲಕೋಟೆಯ ಮೇಲಿನ ವಿಳಾಸಕ್ಕೆ, ಸಾಕು.

ಸ್ಟಬ್ ಅಂದರೆ ತುದಿ ಚಪ್ಪಟೆ ಇರುವ ನಿಬ್ಬು. ಕೆಳಗೆ ಎಳೆದರೆ ದಪ್ಪ ಗೆರೆ, ಅಡ್ಡ ಎಳೆದರೆ ತೆಳು ಗೆರೆ. ಕನ್ನಡದ ಗುಂಡು ಅಕ್ಷರಕ್ಕೆ ಇದು ಕೊಡುವ ಚೆಂದ ಬೇರೆ ಯಾವುದೂ ಕೊಡುವುದಿಲ್ಲ. ತಲೆಕಟ್ಟು ತೆಳ್ಳಗೆ ನಿಂತು, ಪಕ್ಕದ ಬಾಗು ತುಂಬಿಕೊಂಡು ಬರುವಾಗ ಹಳೆಯ ಓಲೆಯ ಅಕ್ಷರವನ್ನು ಯಾರೋ ಕುಂಚದಲ್ಲಿ ತಿದ್ದಿದ ಹಾಗೆ ಕಾಣುತ್ತದೆ. ನಾನು ಮದುವೆಗೆ, ಹಬ್ಬಕ್ಕೆ ಬರೆಯುವ ಕಾಗದಗಳೆಲ್ಲ ಸ್ಟಬ್ಬಿನಲ್ಲೇ. ಆದರೆ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 1.1 ಮತ್ತು 1.5 ಮಿಲಿಮೀಟರ್ ಎರಡೂ ದಿನದ ಕನ್ನಡ ಬರಹಕ್ಕೆ ಅಗಲ. ಒತ್ತು ಪೂರ್ತಿ ಮುಚ್ಚಿಹೋಗುತ್ತದೆ. 0.6, 0.7ರ ಹತ್ತಿರಕ್ಕೆ ಉಜ್ಜಿಕೊಡುವವರು ಸಿಕ್ಕರೆ, ಮೀಡಿಯಂ ನಿಬ್ಬನ್ನೇ ಕೊಟ್ಟು ಸ್ಟಬ್ ಮಾಡಿಸಿ. ಇದೇ ಸಂಬಂಧದಲ್ಲಿ ಇಟಾಲಿಕ್ ಅನ್ನುವುದೂ ಒಂದಿದೆ, ಅದರ ಅಂಚು ಚೂಪು. ಇಂಗ್ಲಿಷಿಗೆ ಅದ್ಭುತ. ನಮಗೆ ಕಷ್ಟ. ಯಾಕೆಂದರೆ ನಾವು ಸುತ್ತು ಹಾಕುವಾಗ ನಿಬ್ಬನ್ನು ಎಡಕ್ಕೆ, ಮೇಲಕ್ಕೆ ತಳ್ಳುತ್ತೇವೆ, ಆ ಚೂಪು ಅಂಚು ಕಾಗದಕ್ಕೆ ಚುಚ್ಚಿಕೊಂಡು ನಿಲ್ಲುತ್ತದೆ. ಸ್ಟಬ್ಬಿನ ಅಂಚು ಗುಂಡಗೆ ಇರುವುದರಿಂದ ಸಲೀಸಾಗಿ ತಿರುಗುತ್ತದೆ. ಒಂದು ಮಾತು, ಸ್ಟೀಲಿನ ಸ್ಟಬ್ಬುಗಳಲ್ಲಿ ಹಲವಕ್ಕೆ ತುದಿಯ ಗಟ್ಟಿ ಗುಂಡು ಇರುವುದಿಲ್ಲ, ಹಾಗಾಗಿ ಒರಟು ಕಾಗದದ ಮೇಲೆ ದಿನಾ ತಿಕ್ಕಿದರೆ ಬೇಗ ಸವೆಯುತ್ತದೆ.

ಫ್ಲೆಕ್ಸ್ ನಿಬ್ಬಿನ ಬಗ್ಗೆ ಈಗಿನ ಹುಡುಗರಿಗೆ ತುಂಬಾ ಆಸೆ. ಒತ್ತಿದರೆ ದಪ್ಪ, ಬಿಟ್ಟರೆ ತೆಳು. ವಿಡಿಯೋದಲ್ಲಿ ನೋಡಲು ಚೆಂದ. ಅದು ಕೆಲಸ ಮಾಡುವುದು ಕೆಳಕ್ಕೆ ಎಳೆಯುವ ಗೆರೆಯಲ್ಲಿ ಮಾತ್ರ. ಮೇಲಕ್ಕೆ ತಳ್ಳುವಾಗ ಒತ್ತಿದರೆ ಕಾಗದದ ನಾರು ಸೀಳಿನಲ್ಲಿ ಸಿಕ್ಕಿಕೊಂಡು ಮಸಿ ಚಿಮ್ಮುತ್ತದೆ. ನಮ್ಮ ಅಕ್ಷರದಲ್ಲಿ ತಳ್ಳುವ ಗೆರೆ ಎಷ್ಟಿವೆ ಅಂತ ಮೊದಲೇ ಹೇಳಿದೆ. ಮತ್ತೆ ಇಂಕು ಸಾಲದೆ ಹೋದರೆ ಒಂದು ಗೆರೆ ಬರಬೇಕಾದಲ್ಲಿ ರೈಲು ಹಳಿಯ ಹಾಗೆ ಎರಡು ತೆಳು ಗೆರೆ ಬರುತ್ತದೆ, ಅದಕ್ಕೆ ಧಾರಾಳವಾಗಿ ಇಂಕು ಬಿಡುವ ಎಬೊನೈಟ್ ಫೀಡೇ ಬೇಕು. ಕಾಮಿಕ್ಸ್ ಬಿಡಿಸುವವರ ಜೀ ನಿಬ್ಬನ್ನು ತಂದು ಪೆನ್ನಿಗೆ ಸಿಕ್ಕಿಸುವವರೂ ಇದ್ದಾರೆ. ಅದು ಅದ್ದಿ ಬರೆಯುವ ನಿಬ್ಬು, ಪೆನ್ನೊಳಗೆ ಇಂಕಿನಲ್ಲೇ ನೆನೆಯುತ್ತಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಚಿತ್ರ ಬಿಡಿಸಲು ಬೇಕಾದರೆ ಇಟ್ಟುಕೊಳ್ಳಿ, ಬರಹಕ್ಕೆ ಸುಮ್ನೆ ದುಡ್ಡು ದಂಡ.

ಇಂಕು ತುಂಬುವ ರೀತಿಯನ್ನೂ ನಿಬ್ಬಿನ ಜೊತೆಗೇ ಯೋಚಿಸಿ. ಡ್ರಾಪರಿನಲ್ಲಿ ನೇರ ಬಾಡಿಗೆ ಇಂಕು ಹಾಕುವ ಪೆನ್ನಿಗೆ ಮೂರು ಮಿಲಿಲೀಟರ್ ಸುಲಭವಾಗಿ ಹಿಡಿಸುತ್ತದೆ, ಕನ್ವರ್ಟರಿನಲ್ಲಿ ಒಂದು ಮಿಲಿಲೀಟರಿಗಿಂತ ಕಡಿಮೆ. ವಾರಗಟ್ಟಲೆ ಬರೆಯಬಹುದು, ನಿಜ. ಆದರೆ ಇಂಕು ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗೆ ಗಾಳಿ ಜಾಸ್ತಿ ಇರುತ್ತದೆ, ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ತಳ್ಳುತ್ತದೆ. ಪೆನ್ನು ಕಕ್ಕಿತು ಅನ್ನುತ್ತೇವಲ್ಲ, ಅದು ಇದೇ. ಏಪ್ರಿಲ್ ಮೇ ತಿಂಗಳಲ್ಲಿ, ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಜೇಬಿನಲ್ಲಿ, ಈ ತೊಂದರೆ ಜಾಸ್ತಿ. ಧಾರಾಳವಾಗಿ ಇಂಕು ಬಿಡುವ ಬಾಕ್ ಬ್ರಾಡ್ ನಿಬ್ಬು, ಡ್ರಾಪರ್ ಪೆನ್ನು, ಬಿಳಿ ಅಂಗಿ, ಈ ಮೂರು ಒಟ್ಟಿಗೆ ಬೇಡ. ಓಡಾಡುವವರು ಕನ್ವರ್ಟರ್ ಇರುವ ಪೆನ್ನಿಗೆ ಜೋವೋ ಫೈನ್ ಹಾಕಿಸಿ. ಮನೆಯ ಮೇಜಿನ ಮೇಲೆ ಇರುವ ಪೆನ್ನಿಗೆ ಡ್ರಾಪರ್, ಎಬೊನೈಟ್ ಫೀಡ್, ಇಷ್ಟ ಬಂದ ನಿಬ್ಬು.

ಕಾಗದದ ವಿಷಯದಲ್ಲಿ ನಾವು ಯಾರೂ ದುಬಾರಿ ಜಪಾನ್ ಕಾಗದದ ಮೇಲೆ ದಿನಾ ಬರೆಯುವುದಿಲ್ಲ. ಶಾಲೆಯ ನೋಟ್‌ಬುಕ್ಕು 60 ಜಿಎಸ್ಎಮ್ (ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ) ಆಸುಪಾಸು, ಜೆರಾಕ್ಸ್ ಹಾಳೆ 70, 75. ಇವುಗಳಲ್ಲಿ ಇಂಕು ಹರಡುತ್ತದೆ, ಫೈನ್ ನಿಬ್ಬಿನ ಗೆರೆ ಮೀಡಿಯಮ್ಮಿನಷ್ಟು ಆಗುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಹಾಗಾಗಿ ಅಂಗಡಿಯವರು ಕೊಡುವ ನುಣುಪು ಹಾಳೆಯ ಮೇಲೆ ಬರೆದು ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಇಂಕು ಸಾದಾ ರಾಯಲ್ ಬ್ಲೂ ಸಾಕು. ಕ್ಯಾಮ್ಲಿನ್, ಬ್ರಿಲ್, 1934ರಲ್ಲಿ ಬಂಗಾಳದಲ್ಲಿ ಶುರುವಾದ ಸುಲೇಖಾ ಯಾವುದಾದರೂ ಆಗುತ್ತದೆ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕನ್ನು ಮಾತ್ರ ಪೆನ್ನಿಗೆ ಹಾಕಬೇಡಿ, ಅದರಲ್ಲಿರುವ ಅಂಟು ಒಣಗಿದರೆ ಫೀಡಿನ ಸೀಳು ಕಟ್ಟಿಕೊಂಡು ಹೋಗುತ್ತದೆ.

ಸ್ಟಾಫ್ ರೂಮಿನ ಆ ಮೂವರಿಗೆ ಕೊನೆಗೆ ಏನು ಹೇಳಿದೆ ಅಂದರೆ: ಗಣಿತದ ಮೇಡಮ್ಮಿಗೆ ಜೋವೋ ಎಕ್ಸ್‌ಟ್ರಾ ಫೈನ್ ಸ್ಟೀಲ್, ಯಾಕೆಂದರೆ ಅವರ ಅಂಕಿಗಳು ಇರುವೆ ಸಾಲಿನ ಹಾಗೆ. ಇಂಗ್ಲಿಷ್ ಮೇಷ್ಟ್ರು ಒತ್ತಿ ಬರೆಯುವವರು, ಅವರಿಗೆ ಕಾನ್‌ರೈಟ್ ಮೀಡಿಯಂ ಸ್ಟೀಲ್, ಕೆಟ್ಟರೂ ಇನ್ನೊಂದು ತರಿಸಬಹುದು. ಮುಂದಿನ ವರ್ಷ ನಿವೃತ್ತಿ ಆಗುವ ಹಿರಿಯರೊಬ್ಬರಿಗೆ ಮಾತ್ರ 14 ಕ್ಯಾರೆಟ್ ಫೈನ್ ಹಾಕಿಸಿ ಅಂದೆ. ಅವರ ಕೈ ಹಗುರ, ಪ್ರತಿದಿನ ರಾತ್ರಿ ನಾಲ್ಕು ಪುಟ ಬರೆಯುತ್ತಾರೆ, ಮಕ್ಕಳೆಲ್ಲ ಸೇರಿ ಕೊಡಿಸುತ್ತಿದ್ದಾರೆ. ಅಂಥ ಕೈಗೆ ಚಿನ್ನ ಸಾರ್ಥಕ. ಎಡಗೈಯಲ್ಲಿ ಬರೆಯುವವರು ಕೇಳಿದರೆ ಸ್ಟಬ್, ಟೈಟೇನಿಯಂ ಎರಡೂ ಬಿಟ್ಟು ಗುಂಡು ತುದಿಯ ಫೈನ್ ಸ್ಟೀಲ್, ಬೇಗ ಒಣಗುವ ಇಂಕು ಅನ್ನುತ್ತೇನೆ.

ಹೊಸ ನಿಬ್ಬು ಬಂದ ದಿನ ಅದನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡುಸು ಅಂತ ಗೀಸರಿನ ರಾಡು ನೋಡಿದರೆ ಗೊತ್ತಾಗುತ್ತದಲ್ವಾ, ಅದೇ ಬಿಳಿ ಪದರ ಫೀಡಿನ ಸಣ್ಣ ಕಾಲುವೆಗಳಲ್ಲೂ ಕೂರುತ್ತದೆ. ಕುಡಿಯುವ ಫಿಲ್ಟರ್ ನೀರು ಅರ್ಧ ಲೋಟ ತೆಗೆದುಕೊಳ್ಳಿ, ಸೋಪಿನ ಒಂದು ಹನಿ ಹಾಕಿ ತೊಳೆದು, ಮತ್ತೆ ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ. ನಿಬ್ಬು ಕೆಳಮುಖವಾಗಿ ಹಳೇ ಹತ್ತಿ ಬಟ್ಟೆಯ ಮೇಲೆ ರಾತ್ರಿ ಇಡಿ. ಬೆಳಗ್ಗೆ ಇಂಕು ತುಂಬಿ, ಹತ್ತು ನಿಮಿಷ ಹಾಗೇ ನಿಲ್ಲಿಸಿ, ಆಮೇಲೆ "ಸ್ವಾತಂತ್ರ್ಯ" ಬರೆದು ಒತ್ತು ನೋಡಿ.